ಶೆಟಿವಿ ಬರೆದ ಹಾಳೆ

ಹಣೆಬರಹ ಎಲ್ಲಿಂದ ಬರುತ್ತದೆ ಎಂದು ಮಠದ ಕಟ್ಟೆಯ ಮೇಲೆ ಕುಳಿತು ವಾದ ಮಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಪೂರ್ವಜನ್ಮದ್ದು ಅನ್ನುತ್ತಾನೆ ಒಬ್ಬ, ಗ್ರಹಚಾರ ಅನ್ನುತ್ತಾನೆ ಇನ್ನೊಬ್ಬ. ನಮ್ಮ ಮನೆಯ ಮಟ್ಟಿಗೆ ಅದು ಬಂದದ್ದು ಸೇಡಂನ ಒಂದು ಕಚೇರಿಯ ರದ್ದಿಯಿಂದ. ತಂದವನು ನಾನೇ, ಆ ಕಚೇರಿಯ ಗುಮಾಸ್ತ ರೇವಣಪ್ಪ.

ನಿಜಾಮನ ಆಳಿಕೆ ಕೊನೆಗಾಣಿಸಿದ ಪೊಲೀಸ್ ಆಕ್ಷನ್ ಮುಗಿದು ನಾಲ್ಕು ತಿಂಗಳಾಗಿತ್ತು. ಹಳೆಯ ಉರ್ದು ಕಾಗದಗಳನ್ನು ಕಟ್ಟುಕಟ್ಟಾಗಿ ಮೂಲೆಗೆ ಎಸೆಯುತ್ತಿದ್ದರು. ಆಗ ಗಂಡನ ಊರಾದ ಆಡಕಿಯಲ್ಲಿ ನನ್ನ ಅಕ್ಕ ಗುರುದೇವಿ ಹೆಣ್ಣು ಹಡೆದಳು. ಅದಕ್ಕೂ ಮೊದಲು ಅವಳ ಎರಡು ಕೂಸುಗಳು ತೊಟ್ಟಿಲಲ್ಲೇ ಹೋಗಿದ್ದವು. ಹುಟ್ಟಿದ ಐದನೆಯ ರಾತ್ರಿ ಶೆಟಿವಿ ಎಂಬ ದೇವಿ ಬಂದು ಕೂಸಿನ ಹಣೆಬರಹ ಬರೆಯುತ್ತಾಳೆಂದು ನಮ್ಮಲ್ಲಿ ಒಳಕಲ್ಲಿನ ಮುಂದೆ ದೀಪ ಹಚ್ಚಿ ಖಾಲಿ ಹಾಳೆ, ಲೇಖನಿ, ಮಸಿ ಇಡುತ್ತಾರೆ. ಬೆಳಿಗ್ಗೆಯೂ ಹಾಳೆ ಖಾಲಿಯೇ ಇರುತ್ತದೆ. ದೇವಿಯ ಅಕ್ಷರ ಮನುಷ್ಯರ ಕಣ್ಣಿಗೆ ಕಾಣುವುದಿಲ್ಲವೆಂದು ಎಲ್ಲರೂ ಒಪ್ಪಿಕೊಂಡಿದ್ದಾರೆ.

ಆ ಹಾಳೆ ಕಳಿಸು ಎಂದು ಅಕ್ಕ ಹೇಳಿ ಕಳಿಸಿದ್ದಳು. ಹೊಸ ಹಾಳೆ ಕೊಡಲು ನನಗೆ ಮನಸ್ಸಾಗಲಿಲ್ಲ. ರದ್ದಿಯಲ್ಲಿ ಒಂದು ಮಗ್ಗುಲು ಖಾಲಿ ಇದ್ದದ್ದನ್ನು ಎತ್ತಿ ಕಳಿಸಿದೆ. ಅಷ್ಟು ಜುಗ್ಗ ನಾನು.

ಕಣ್ಣು ಮಂಜಾಗಿದ್ದ ಅಕ್ಕನ ಅತ್ತೆ ಮಾಳಮ್ಮ ಅದನ್ನು ಒಳಕಲ್ಲಿನ ಮುಂದೆ ಇಟ್ಟಳಂತೆ. ಗಾಳಿಗೋ ಇಲಿಗೋ ರಾತ್ರಿ ಹಾಳೆ ಮಗುಚಿಬಿದ್ದಿತ್ತು. ಬೆಳಿಗ್ಗೆ ನೋಡಿದರೆ ತುಂಬ ಅಕ್ಷರ!

ತೊಟ್ಟಿಲಿನ ದಿನ ನಾನು ಹೋದಾಗ ಅಕ್ಕ ನನ್ನನ್ನು ಒಳಗೆ ಎಳೆದುಕೊಂಡಳು.

“ತಮ್ಮಾ, ಖರೇನೇ ಬರದಾಳೋ ಶೆಟಿವಿ! ಓದು, ಏನದ ಇದರಾಗ?”

ನೋಡಿದೆ. ಬೀಡಾಡಿ ದನ ಕೂಡಿಹಾಕುವ ಕೊಂಡವಾಡದ ನೋಟೀಸು. ಕರಿ ಎಮ್ಮೆ ಒಂದು, ಎಡಗೋಡು ಮುರಿದದ್ದು, ಎಂಟು ದಿನದೊಳಗೆ ಯಜಮಾನ ಬಂದು ಬಿಡಿಸಿಕೊಳ್ಳದಿದ್ದರೆ ಹರಾಜು.

“ಆಕಿಗಿ ಉರ್ದೂನೂ ಬರ್ತದೇನೋ?” ಅಕ್ಕನಿಗೆ ಸಣ್ಣ ಅನುಮಾನ.

“ಇಷ್ಟು ದಿನ ಸರಕಾರ ನಡದಿದ್ದು ಅದರಾಗೇ ಅಲ್ಲೇನಕ್ಕಾ? ಬರಲಾರದೆ ಏನು,” ಎಂದೆ. ಹೊಟ್ಟೆಯಲ್ಲಿ ನಗು ಕುಣಿಯುತ್ತಿತ್ತು. ಇನ್ನೊಂದು ಗಳಿಗೆಗೆ ಎಮ್ಮೆಯ ವಿಷಯ ಹೇಳಿ ಮನೆಯವರನ್ನೆಲ್ಲ ನಗಿಸುವವನಿದ್ದೆ. ಆದರೆ ಅಕ್ಕ ಕೂಸನ್ನು ಯಾರೋ ಕಸಿದುಕೊಳ್ಳುವವರಂತೆ ಅವಚಿ ಹಿಡಿದಿದ್ದಳು. ಎರಡು ಕೂಸು ಮಣ್ಣು ಮಾಡಿದವಳು.

“ಎಂಬತ್ತು ವರ್ಷ ಆಯುಷ್ಯ ಬರದಾಳ,” ಎಂದುಬಿಟ್ಟೆ.

“ಕೊರಳಾಗ ಲಿಂಗ ಕಟ್ಟಿಕೊಂಡು ಶೆಟಿವಿ ಮಾತು ಕೇಳ್ತೀರೇನು,” ಎಂದು ಅಕ್ಕನ ಗಂಡ ಗುರುಲಿಂಗಪ್ಪ ಮಾವ ಗದರಿದ. ಗದರುತ್ತಲೇ ಅವನೂ ನಕ್ಕ.

ಕೂಸಿಗೆ ಚಂದಮ್ಮ ಎಂದು ಹೆಸರಿಟ್ಟರು. ಹಾಳೆ ಟ್ರಂಕಿನಲ್ಲಿ ಅಕ್ಕನ ಮದುವೆಯ ಸೀರೆಯ ಮಡಿಕೆಯೊಳಗೆ ಸೇರಿತು. ಅಕ್ಕ ಗುರುತು ಸಿಗದಷ್ಟು ಬದಲಾದಳು, ನಕ್ಕಳು, ಮೈ ತುಂಬಿಕೊಂಡಳು. ಚಂದಿ ಮಾಳಿಗೆಯ ಅಂಚಿನಲ್ಲಿ ಓಡಿದರೂ, ಬೇವಿನ ಮರ ಹತ್ತಿದರೂ, “ಎಂಬತ್ತು ವರ್ಷ ಅದ ಬಿಡ್ರಿ,” ಅನ್ನುತ್ತಿದ್ದಳು. ಸಿಟ್ಟು ಬಂದರೆ ಕೈಗೆ ಸಿಕ್ಕದ್ದರಿಂದ ಅವಳನ್ನು ಬಡಿಯುತ್ತಿದ್ದಳೂ ಹೌದು. ನಾಳೆ ಮುದ್ದು ಮಾಡಿದರಾಯಿತು, ಎಷ್ಟೊಂದು ನಾಳೆಗಳಿವೆಯಲ್ಲ ಎಂಬ ಧೈರ್ಯ. ಅದನ್ನೆಲ್ಲ ನೋಡಿ ನಾನು ಒಳಗೊಳಗೇ ಹಿಗ್ಗುತ್ತಿದ್ದೆ. ಒಂದು ಸುಳ್ಳಿನಿಂದ ಇಷ್ಟು ಒಳ್ಳೆಯದಾಯಿತಲ್ಲ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಚಂದಿಗೆ ಆರು ತುಂಬಿದ ವರ್ಷ, ಶ್ರಾವಣದಲ್ಲಿ ಗಂಟಲು ಬೇನೆ ಬಂತು. ಉಗುಳು ನುಂಗಲಾಗದು, ಮೈ ಕೆಂಡ. ಮಗ್ಗುಲು ಮನೆಯ ಇಮಾಮ್‌ಬೀ ಬಂದು ನೋಡಿ, “ಲಗೂ ದವಾಖಾನಿಗಿ ಒಯ್ರಿ ಯವ್ವಾ,” ಅಂದಳಂತೆ. ಮಾವ ಬಂಡಿ ಹೂಡಿದ. ಅಕ್ಕ ಎದುರು ನಿಂತು ಎತ್ತು ಬಿಚ್ಚಿಸಿದಳು. “ಈ ಮಳ್ಯಾಗ ಕೂಸಿಗಿ ಸೇಡಂ ತನಕ ಒಯ್ದು ಸಾಯಿಸ್ತೀರೇನು? ಆಯುಷ್ಯ ಗಟ್ಟಿ ಅದ. ಕಷಾಯ ಕುಡಿಸ್ತೀನಿ, ಇಳೀತದ.”

ಎರಡು ದಿನ ಕಷಾಯ ಕುಡಿಸಿದಳು. ಮೂರನೆಯ ದಿನ ಉಸಿರು ಕೊರಕೊರ ಅನ್ನತೊಡಗಿದ ಮೇಲೆ ಬಂಡಿ ಹೊರಟಿತು. ಸುದ್ದಿ ತಿಳಿದು ನಾನು ದವಾಖಾನೆಗೆ ಓಡಿದೆ. ಸಂಜೆಯೊಳಗೆ ಎಲ್ಲ ಮುಗಿಯಿತು. “ಎರಡು ದಿನ ಮೊದಲು ತಂದಿದ್ದರೆ ಉಳಿಸಬಹುದಿತ್ತು,” ಎಂದು ಡಾಕ್ಟರು ಮಾವನಿಗೆ ಮೆಲ್ಲಗೆ ಹೇಳಿದರು. ಅಕ್ಕ ಬಾಗಿಲ ಹಿಂದೆಯೇ ನಿಂತಿದ್ದಳು.

ಅಕ್ಕ ಅನ್ನ ನೀರು ಬಿಟ್ಟಿದ್ದಾಳೆಂದು ಹದಿನೈದು ದಿನಕ್ಕೆ ಮಾವ ಹೇಳಿ ಕಳಿಸಿದ. ಇನ್ನು ಮುಚ್ಚಿಡುವುದು ಬೇಡ, ಎಮ್ಮೆಯ ವಿಷಯ ಹೇಳಿ ಅವಳ ಕಾಲು ಹಿಡಿಯುತ್ತೇನೆ ಎಂದು ನಿಶ್ಚಯಿಸಿಯೇ ಆಡಕಿಗೆ ಹೋದೆ. ಅಕ್ಕ ಗೋಡೆಗೆ ಒರಗಿ ಕುಳಿತಿದ್ದಳು. ಹಾಳೆ ಅವಳ ಮಡಿಲಲ್ಲಿತ್ತು.

“ಇನ್ನೊಮ್ಮಿ ಓದು ತಮ್ಮಾ. ಶೆಟಿವಿ ಎಂಬತ್ತು ಕೊಟ್ಟಾಳ. ನಾನೇ ಕೊಂದೆ ಅಲ್ಲೇನೋ? ಎತ್ತು ಬಿಚ್ಚಿಸಿದಾಕಿ ನಾನೇ.”

ಹಾಳೆ ಹಿಡಿದು ನಿಂತೆ. ಹೇಳಬೇಕಾದ ಮಾತು ಬಾಯಿಯವರೆಗೆ ಬಂದಿತ್ತು. ಅಕ್ಕಾ, ಇದರಲ್ಲಿ ಒಂದು ಎಮ್ಮೆ ಇದೆ, ಮತ್ತೇನೂ ಇಲ್ಲ. ಆದರೆ ಯಾರದೋ ಎಮ್ಮೆಯನ್ನು ನಂಬಿ ಎತ್ತು ಬಿಚ್ಚಿಸಿದೆ ಎಂದು ತಿಳಿದ ಮೇಲೆ ಈ ಜೀವ ಉಳಿಯುತ್ತದೆಯೇ? ನನ್ನ ತಪ್ಪಿನ ಭಾರ ಇಳಿಸಿಕೊಳ್ಳಲು ಅವಳ ತಲೆಯ ಮೇಲೆ ಕಲ್ಲು ಎತ್ತಿಹಾಕಿದಂತಾಗುತ್ತಿತ್ತು. ಅಥವಾ ನನಗೆ ಧೈರ್ಯ ಸಾಲಲಿಲ್ಲವೋ, ಇವತ್ತಿಗೂ ಗೊತ್ತಿಲ್ಲ.

“ಎಂಬತ್ತಲ್ಲಕ್ಕಾ,” ಎಂದೆ. “ಆರು ವರ್ಷ ಅಂತ ಬರದಾಳ. ಅವತ್ತು ನಿನ್ನ ಮುಖ ನೋಡಿ ಹೇಳಾಕ ಆಗಲಿಲ್ಲ, ಸುಳ್ಳು ಹೇಳಿದೆ.”

ಅಕ್ಕ ಹಾಳೆಯನ್ನು ನನ್ನ ಕೈಯಿಂದ ತೆಗೆದುಕೊಂಡಳು. “ಹಂಗಾದ್ರ ಎರಡು ದಿನ ಮೊದಲ ಒಯ್ದಿದ್ರೂ?”

“ಉಳೀತಿದ್ದಿಲ್ಲ.”

“ನಂದೇನೂ ತಪ್ಪಿಲ್ಲ?”

“ಇಲ್ಲಕ್ಕಾ. ನಿಂದೇನೂ ತಪ್ಪಿಲ್ಲ.” ಅಂದು ನಾನಾಡಿದ ಮಾತುಗಳಲ್ಲಿ ಖರೆಯಾದದ್ದು ಇದೊಂದೇ.

ಅಕ್ಕ ದೀರ್ಘವಾಗಿ ಉಸಿರು ಬಿಟ್ಟಳು. ಇಮಾಮ್‌ಬೀ ತಂದಿಟ್ಟಿದ್ದ ಅಂಬಲಿಯ ಬಟ್ಟಲು ಎತ್ತಿಕೊಂಡು ಎರಡು ಗುಟುಕು ಕುಡಿದಳು. ಬದುಕಿದಳು ಎಂದುಕೊಂಡೆ. ನಮ್ಮ ಹಿರಿಯರಲ್ಲಿ ಯಾರೋ ಒಬ್ಬ ಮೊದಲ ಸಲ ಹಣೆಬರಹ ಎಂದದ್ದು ಇಂಥದೇ ಒಂದು ಬಟ್ಟಲಿನ ಮುಂದೆ ಕುಳಿತೇ ಇರಬೇಕು.

ಮೂರನೆಯ ಗುಟುಕಿಗೆ ಬಟ್ಟಲು ಕೆಳಗಿಟ್ಟು ಅಕ್ಕ ನನ್ನನ್ನು ನೋಡಿದಳು. ಅಷ್ಟು ಹಗೆಯಿಂದ ನನ್ನನ್ನು ಯಾರೂ ನೋಡಿಲ್ಲ.

“ಆರೇ ವರ್ಷ ಅಂತ ನಿನಗ ಗೊತ್ತಿತ್ತು. ನನಗೊಂದು ಮಾತು ಹೇಳಿದ್ರ, ಒಂದು ದಿನಾನೂ ಹೊಡೀತಿದ್ದಿಲ್ಲಲ್ಲೋ ನಾ ಆ ಕೂಸಿಗಿ!”

ಇದಾಗಿ ವರ್ಷವಾಯಿತು. ಅಕ್ಕ ಉಣ್ಣುತ್ತಾಳೆ, ಹೊಲಕ್ಕೆ ಹೋಗುತ್ತಾಳೆ. ನನ್ನ ಜೊತೆ ಮಾತಾಡುವುದಿಲ್ಲ.