ಸೇತುವೆ ದಾಟಿದ ಸಾಂಬಾರು

ಹೊಸ ಸೇತುವೆಯ ಮೇಲೆ ಲಾರಿಯೊಂದು ಅಡ್ಡ ನಿಂತು ಅರ್ಧ ಗಂಟೆಯಾಗಿತ್ತು. ಸೇತುವೆಯ ಈಚೆ ಸಾಲಿನಲ್ಲಿ ಸಿಕ್ಕಿಕೊಂಡಿದ್ದ ಟೆಂಪೋದ ಹಿಂಬದಿಯಲ್ಲಿ ಸಾಂಬಾರಿನ ಕೊಪ್ಪರಿಗೆ ಹಿಡಿದು ಕೂತಿದ್ದ ಹರಿಣಾಕ್ಷಿ ಕೆಳಗಿಳಿದು ಗಂಟೆ ಕೇಳಿದಳು. ಹನ್ನೊಂದು ಮುಕ್ಕಾಲು. ನೇತ್ರಾವತಿಯ ಆಚೆ, ಪಾಣೆಮಂಗಳೂರಿನ ಸೀಮಂತದ ಮನೆಯಲ್ಲಿ ಹನ್ನೆರಡೂವರೆಗೆ ಇನ್ನೂರು ಎಲೆ ಹಾಕುವವರಿದ್ದರು. ಅನ್ನ, ಪಲ್ಯ ಎಲ್ಲ ಬೆಳಿಗ್ಗೆಯೇ ಮುಟ್ಟಿದ್ದವು. ಸಾಂಬಾರು, ಪಾಯಸ ಮಾತ್ರ ಇಲ್ಲಿ, ಬಟ್ಟೆ ಬಿಗಿದ ಮುಚ್ಚಳದಡಿ ಹಬೆಯಾಡುತ್ತಿದ್ದವು.

ಗಂಡಾಳುಗಳಿಲ್ಲದೆ ಅವಳ ಅಡುಗೆಯ ಹೆಂಗಸರ ತಂಡ ಒಪ್ಪಿಕೊಂಡ ಮೊದಲ ಊಟ ಅದು. ಹೋದ ವರ್ಷದವರೆಗೂ ಕೊಪ್ಪರಿಗೆ ಎತ್ತುವುದಕ್ಕೆಂದೇ ಇಬ್ಬರನ್ನು ಕರೆಯುತ್ತಿದ್ದರು. ವಾಮದಪದವಿನ ಮದುವೆಯ ದಿನ ಆ ಇಬ್ಬರೂ ಕೈಕೊಟ್ಟರು. ತಂಡದ ಹಿರಿಯಳು ಪೂವಮ್ಮ ತಾನೇ ಬಗ್ಗಿ ಎತ್ತಲು ಹೋಗಿ, ಸೊಂಟ ಹಿಡಿದು ಮೂರು ತಿಂಗಳು ಮಲಗಿದಳು. ಮಂಗಳೂರಿನ ಅಂಗಡಿಯಲ್ಲಿ ಉಕ್ಕಿನ ತಳ್ಳುಗಾಡಿಗೆ ಹದಿನೆಂಟು ಸಾವಿರ ಹೇಳಿದರು. ಹರಿಣಾಕ್ಷಿ ಅಲ್ಲಿಂದ ನೇರ ಅಬ್ದುಲ್ ರವೂಫರ ಗುಜರಿ ಅಂಗಡಿಗೆ ಬಂದಳು. ಕಬ್ಬಿಣದ ಚೌಕಟ್ಟಿಗೆ ಮೊದಲು ಆಸ್ಪತ್ರೆ ಮಂಚದ ಚಕ್ರ ಹಾಕಿಸಿದ್ದಾಯಿತು. ಅಂಗಳ ದಾಟುವುದರೊಳಗೆ ಒಂದು ಕಳಚಿ ಬಿತ್ತು. ರವೂಫ್ ನಗಲಿಲ್ಲ. ಮೂಲೆಯಿಂದ ಹಳೇ ಆಟೋರಿಕ್ಷಾದ ಚಕ್ರಗಳನ್ನು ಉರುಳಿಸಿಕೊಂಡು ಬಂದು, "ಊರಿಡೀ ಜನರನ್ನು ಹೊತ್ತು ಓಡಿದ ಚಕ್ರ ಅಕ್ಕ ಇದು. ನಿಮ್ಮ ಸಾಂಬಾರು ಇದಕ್ಕೆ ಒಂದು ಭಾರವೇ ಅಲ್ಲ," ಎಂದರು. ವೆಲ್ಡಿಂಗ್ ಸೇರಿ ಮೂರು ಸಾವಿರದೊಳಗೆ ಗಾಡಿ ಆಯಿತು. ಆದರೆ ಅದು ಈವರೆಗೆ ಓಡಿದ್ದು ಒಲೆಯಿಂದ ಟೆಂಪೋವರೆಗೆ ಮಾತ್ರ.

"ವಸಂತ, ಹಲಗೆ ಹಾಕು. ಹಳೇ ಸೇತುವೆಯಲ್ಲಿ ಹೋಗುವ," ಎಂದಳು ಹರಿಣಾಕ್ಷಿ.

ಚಾಲಕ ವಸಂತ ಅವಳ ಮುಖ ನೋಡಿದ. "ಅದರಲ್ಲಿ ದೊಡ್ಡ ಗಾಡಿ ಬಿಡುದಿಲ್ಲ ಅಕ್ಕ."

"ಇದು ದೊಡ್ಡ ಗಾಡಿಯಾ ಮಾರಾಯ?"

ಎರಡು ಹಲಗೆಗಳ ಮೇಲೆ ಕೊಪ್ಪರಿಗೆಗಳನ್ನು ಹೊತ್ತ ತಳ್ಳುಗಾಡಿ ಮೆಲ್ಲನೆ ಕೆಳಗಿಳಿಯಿತು. ಹರಿಣಾಕ್ಷಿ ಮತ್ತು ತಂಡದ ಇನ್ನೊಬ್ಬಳು ಕಾಂತಿ ಹಿಡಿಗೆ ಕೈಹಚ್ಚಿದರು. ಪೂವಮ್ಮ ದಾರಿ ಬಿಡಿಸುತ್ತ ಮುಂದೆ ನಡೆದಳು. ಕವಲುದಾರಿ ದಾಟಿ ಹಳೇ ಸೇತುವೆ ಹತ್ತಿದ ಮೇಲೆ ಗಾಡಿ ತಾನಾಗಿ ಹಗುರಾಯಿತು. ಸ್ಕೂಟರಿನವರು ಕಟ್ಟೆಗೆ ಒತ್ತಿ ನಿಂತು ದಾರಿ ಬಿಟ್ಟರು. ಒಬ್ಬ ಮೊಬೈಲು ಎತ್ತಿದ. ಹೊಳೆಯ ಗಾಳಿ ಸೆರಗು ಹಾರಿಸಿತು, ಇಂಗಿನ ಒಗ್ಗರಣೆಯ ಪರಿಮಳ ಸೇತುವೆಯುದ್ದ ಹರಡಿತು. ನಡುಸೇತುವೆಯಲ್ಲಿ ಕಾಂತಿಗೆ ನಗು ಬಂತು. ಯಾಕೆಂದು ಕೇಳಿದ ಹರಿಣಾಕ್ಷಿಗೂ ತಡೆಯಲಾಗಲಿಲ್ಲ. ಇಬ್ಬರೂ ನಗುತ್ತಲೇ ಓಡತೊಡಗಿದರು.

ಆಚೆ ದಡದ ಇಳಿಜಾರಿನಲ್ಲಿ ನಗು ನಿಂತಿತು. ಭಾರವೆಲ್ಲ ಮುಂದಕ್ಕೆ ವಾಲಿ ಗಾಡಿ ಅವರನ್ನೇ ಎಳೆಯತೊಡಗಿತು. ಹರಿಣಾಕ್ಷಿಯ ಚಪ್ಪಲಿ ಜಾರಿತು. ಪೂವಮ್ಮ ಸರ್ರನೆ ಹಿಂದೆ ಬಂದು, ಚೌಕಟ್ಟಿಗೆ ಕಟ್ಟಿ ಸುತ್ತಿದ್ದ ಹಗ್ಗದ ತುದಿ ಬಿಚ್ಚಿ ಸೇತುವೆಯ ಕೊನೆಯ ಕಂಬಕ್ಕೆ ಒಂದು ಸುತ್ತು ಹಾಕಿದಳು. ಬೇಡ, ಸೊಂಟ ಎಂದು ಹರಿಣಾಕ್ಷಿ ಕೂಗಿದಳು.

"ಇದು ಎತ್ತುದಲ್ಲ ಮಗಾ, ಬಿಡುದು," ಎಂದಳು ಪೂವಮ್ಮ. ಬಾವಿಗೆ ಕೊಡ ಇಳಿಸುವವಳಂತೆ ಹಗ್ಗವನ್ನು ಗೇಣು ಗೇಣಾಗಿ ಸಡಿಲಿಸಿದಳು. ಗಾಡಿ ಅಷ್ಟಷ್ಟೇ ಇಳಿದು ಸಮತಟ್ಟಿನಲ್ಲಿ ನಿಂತಿತು.

ಹನ್ನೆರಡೂಕಾಲಿಗೆ ಅವರು ಅಂಗಳ ಹೊಕ್ಕರು. ಮನೆಯ ಗಂಡಸರು ಪಂಚೆ ಎತ್ತಿ ಕಟ್ಟಿಕೊಂಡು ಕೊಪ್ಪರಿಗೆ ಇಳಿಸಲು ಬಂದರು. ಇಳಿಸುವುದೇನೂ ಬೇಡ, ಚಪ್ಪರದ ಪರದೆ ಒಂದು ಸರಿಸಿದರೆ ಸಾಕು ಎಂದಳು ಹರಿಣಾಕ್ಷಿ. ಎಲೆಗಳ ಸಾಲಿನ ಪಕ್ಕದಲ್ಲೇ ಗಾಡಿ ಉರುಳಿತು. ಕಾಲು ಚಾಚಿ ಕೂತಿದ್ದ ಹಿರಿಯರು ಒಬ್ಬೊಬ್ಬರಾಗಿ ಕಾಲು ಮಡಚಿಕೊಂಡರು.

ಪಾಯಸ ಬರುವ ಹೊತ್ತಿಗೆ ಚಪ್ಪರದಲ್ಲಿ ಮಾತಡಗಿ ಉಣ್ಣುವ ಸದ್ದೊಂದೇ ಉಳಿದಿತ್ತು. ಹರಿಣಾಕ್ಷಿ ಕಂಬಕ್ಕೆ ಒರಗಿ ನಿಂತಳು. ಮೊದಲ ಎಲೆಯ ಮುಂದೆ ಕೂತಿದ್ದ ಬಸುರಿ ಹುಡುಗಿ, ಹೊಟ್ಟೆಯ ಮೇಲೆ ಒಂದು ಕೈಯಿಟ್ಟುಕೊಂಡು, ಬಡಿಸುತ್ತ ದಾಟಿಹೋದ ಕಾಂತಿಯನ್ನು ಇನ್ನೊಂದು ಸೌಟು ಪಾಯಸಕ್ಕಾಗಿ ಕಣ್ಣಿನಲ್ಲೇ ಹಿಂದಕ್ಕೆ ಕರೆಯುತ್ತಿದ್ದಳು.