ಗೋಡೆಗೆ ಹಾಕಿದ ಕೌದಿ

"ಏಯ್, ಕೈ ತೆಗಿಯೇ! ನಿಮ್ಮಪ್ಪನ ಮನೆ ಕೌದಿ ಅಂದ್ಕೊಂಡ್ಯಾ?"

"ನಂದೇ ಅಲ್ವೇನಣ್ಣಾ, ನಾನೇ ಹೊಲ್ದಿದ್ದು. ವಾಪಸ್ ಕೊಟ್ಬಿಡು, ನಿನ್ ಕಾಲಿಗೆ ಬೀಳ್ತೀನಿ."

"ಗೋಡೆಗೆ ಹಾಕಿದ್ಮೇಲೆ ಲೈಬ್ರರೀದು. ನಡಿಯೇ ಆಚೆ!" ಕಾವಲುಗಾರ ಅವಳ ಭುಜ ಹಿಡಿದು ತಳ್ಳಿದ.

ಎಲ್ಲರೂ ಹೊಲಿಗೆಯಕ್ಕ ಎಂದು ಕರೆಯುತ್ತಿದ್ದ ಅವಳು ಬಾಗಿಲು ಬಿಟ್ಟು ಕದಲಲಿಲ್ಲ. ಗಡಿ ದಾಟಿ ಬಂದು ನಿರಾಶ್ರಿತರ ಶಿಬಿರ ಸೇರಿದವರನ್ನು ಕಾಗದಪತ್ರ ಕೇಳದೆ ಒಳಗೆ ಬಿಡುತ್ತಿದ್ದುದು ಈ ಊರಿನಲ್ಲಿ ಈ ಗ್ರಂಥಾಲಯ ಒಂದೇ. ಇಲ್ಲಿ ನಲ್ಲಿಯಿತ್ತು, ಫ್ಯಾನಿತ್ತು, ಫೋನ್ ಚಾರ್ಜಿಗೆ ಪ್ಲಗ್ಗಿತ್ತು. ಪುಸ್ತಕವನ್ನು ತಲೆಕೆಳಗಾಗಿ ಹಿಡಿದು ಕೂತರೂ ಯಾರೂ ಎಬ್ಬಿಸುತ್ತಿರಲಿಲ್ಲ. "ನಿಮ್ಮ ಕತೇನ ಏನಾದ್ರೂ ಮಾಡಿ ಕೊಡಿ, ಪ್ರದರ್ಶನಕ್ಕೆ ಇಡೋಣ" ಎಂದು ಗ್ರಂಥಪಾಲಕಿ ಮೇಡಂ ಬಟ್ಟೆ, ನೂಲು ಕೊಟ್ಟಾಗ ಅಕ್ಕ ಹಿಗ್ಗಿ ಹೀರೇಕಾಯಿಯಾಗಿದ್ದಳು.

ಅವಳ ಮನೆಯ ಹೆಂಗಸರ ಕೌದಿಗೆ ಒಂದು ಕಟ್ಟಳೆಯಿತ್ತು. ಮನೆಯಲ್ಲಿ ಬದುಕಿರುವವರೆಲ್ಲರ ರೂಪ ಅದರ ಮೇಲೆ ಹೊಲಿದಿರಬೇಕು, ಇದ್ದ ಹಾಗೇ ಇರಬೇಕು. ಸತ್ತವರ ನೂಲನ್ನು ಮಾತ್ರ ಬಿಚ್ಚುವುದು. ಹೀಗಿರುವಾಗ ಬೆನ್ನಿಗೆ ಬಿದ್ದ ತಮ್ಮನನ್ನು ಹೇಗೆ ಬಿಟ್ಟಾಳು? ವಾಪಸು ಗಡಿಯಾಚೆ ಅಟ್ಟುತ್ತಾರೆಂದು ಗೊತ್ತಾಗಿ ಶಿಬಿರದಿಂದ ತಪ್ಪಿಸಿಕೊಂಡವನು ಅವನು. ಅವನ ಎಡಗೈಯಲ್ಲಿ ಉಳಿದಿದ್ದ ಮೂರು ಬೆರಳನ್ನೂ ಹಾಗೇ ಹೊಲಿದುಬಿಟ್ಟಿದ್ದಳು, ಪೆದ್ದಿ! ಪ್ರದರ್ಶನಕ್ಕೆ ಶಿಬಿರದ ಸಾಹೇಬನೇ ಬರುತ್ತಾನೆಂದು ತಿಳಿದದ್ದು ಈಗಷ್ಟೇ. ತಮ್ಮನೋ, ಬೇರೆ ಎಲ್ಲೂ ಅಡಗಲು ತಾವಿಲ್ಲದೆ, ಅಲ್ಲೇ ಮೂಲೆಯಲ್ಲಿ ಪತ್ರಿಕೆಯ ಹಿಂದೆ ಮುಖ ಮುಚ್ಚಿಕೊಂಡು ಕೂತಿದ್ದ.

ಸಾಹೇಬ ಬಂದೇಬಿಟ್ಟ. ಕೌದಿಯ ಮುಂದೆ ನಿಂತ.

"ಎಷ್ಟು ನೈಜವಾಗಿದೆ ನೋಡಿ ಸಾರ್!" ಮೇಡಂ ಕಣ್ಣರಳಿಸಿದರು. "ಕೈಯಲ್ಲಿ ಬೆರಳಿಲ್ಲದ್ದನ್ನೂ ಬಿಟ್ಟಿಲ್ಲ."

ಸಾಹೇಬ ಬಗ್ಗಿ ನೋಡಿದ. "ಎಡಗೈ, ಮೂರು ಬೆರಳು... ಈ ಬೋಳಿಮಗನ್ನೇ ಕಣ್ರೀ ನಾವು ಹುಡುಕ್ತಿರೋದು. ಹೊಲ್ದೋಳು ಯಾರು?" ಎನ್ನುತ್ತ ಫೋಟೋ ಹಿಡಿಯಲು ಫೋನು ತೆಗೆದ.

ಅಕ್ಕ ಕೌದಿಯತ್ತ ನುಗ್ಗಿದಳು. ಗಂಟು ಎಲ್ಲಿದೆಯೆಂದು ಅವಳ ಬೆರಳಿಗೆ ಗೊತ್ತಿತ್ತು. ಅದನ್ನು ಕಿತ್ತು ನೂಲು ಎಳೆದಳು. ಕೈ ಹೋಯಿತು, ಎದೆ ಹೋಯಿತು, ಅವಳೇ ಎಣ್ಣೆ ಹಚ್ಚಿ ಬಾಚುತ್ತಿದ್ದ ತಲೆಯೂ ಹೋಯಿತು.

"ಬಿಡೇ ಮುಂಡೆ!" ಕಾವಲುಗಾರ ಜಡೆಗೆ ಕೈ ಹಾಕಿದ.

"ಯಾರೇ ಇವ್ನು? ಬೊಗಳು!" ಸಾಹೇಬ ಗದರಿದ.

"ನನ್ ತಮ್ಮ. ಸತ್ತೋದ." ಬದುಕಿರುವವನ ಬಗ್ಗೆ ಆಡಬಾರದ್ದನ್ನು ಆಡಿಬಿಟ್ಟಿದ್ದಳು.

ಸಾಹೇಬ ಫೋನಿನ ಬೆಳಕು ಬಿಟ್ಟ. ಬಟ್ಟೆಯ ಮೇಲೆ ಸೂಜಿಯ ತೂತುಗಳು ಹಾಗೇ ಇದ್ದವು. ಕಣ್ಣು, ಮೂಗು, ಮೂರು ಬೆರಳು. "ಎಲ್ಲಿ ಸತ್ತ? ಇಲ್ಲೇ ಇದಾನಲ್ಲೇ!" ಎಂದು ನಕ್ಕ.

ಅಕ್ಕ ಕೌದಿಯನ್ನು ಹಲ್ಲಿನಲ್ಲಿ ಕಚ್ಚಿ ಪರ್ರನೆ ಹರಿದಳು. "ಸತ್ತೋದ್ಯಲ್ಲೋ ನನ್ ತಮ್ಮಾ!" ಎಂದು ಎದೆ ಬಡಿದುಕೊಂಡು ಬೊಬ್ಬೆಯಿಟ್ಟಳು. ಓದುತ್ತಿದ್ದವರೆಲ್ಲ ಎದ್ದು ಅವಳ ಸುತ್ತ ನೆರೆದರು. ಮೂಲೆಯಲ್ಲಿ ಕುರ್ಚಿ ಜರುಗಿ, ಹೆಜ್ಜೆಗಳು ಬಾಗಿಲತ್ತ ಹೋದ ಸದ್ದಾಯಿತು. ಅವಳು ಆ ಕಡೆ ತಿರುಗಲಿಲ್ಲ. ಇನ್ನೂ ಜೋರಾಗಿ ಅತ್ತಳು.