ಹಿಂಬಾಗಿಲ ದೂರುದಾರರು

ಅಗ್ನಿಶಾಮಕ ಇಲಾಖೆಯ ಅಧಿಕಾರಿ ಬಂದು, ಹಿಂಬಾಗಿಲಿಗೆ ಅಡ್ಡವಾಗಿ ಒಟ್ಟಿದ್ದ ಫೋಮ್ ಸುರುಳಿಗಳನ್ನು ಕಣ್ಣೆದುರೇ ತೆಗೆಸಿ, ಎಚ್ಚರಿಕೆ ಕೊಟ್ಟು ಹೋದ. ಹಾಸಿಗೆ ಕಾರ್ಖಾನೆಯ ಯಜಮಾನನಿಗೆ ಬಾಗಿಲಿನ ಚಿಂತೆ ಹತ್ತಲಿಲ್ಲ. ದೂರು ಕೊಟ್ಟವರು ಯಾರು ಎಂಬ ಹುಳ ತಲೆಗೆ ಹೊಕ್ಕಿತು. ಅಧಿಕಾರಿಯನ್ನು ಕೇಳಿದರೆ, "ಅದನ್ನ ಹೇಳೋ ಹಾಗಿಲ್ಲ" ಎಂದು ನಕ್ಕು ಜೀಪು ಹತ್ತಿದ್ದ.

ಗುಮಾನಿ ನೆಟ್ಟಗೆ ಫೋಮ್ ಕತ್ತರಿಸುವವನ ಮೇಲೆ ಹೋಯಿತು. ಅವನ ಬಾಯಿಗೆ ಬೀಗವಿರಲಿಲ್ಲ. "ಬೆಂಕಿ ಬಿದ್ರೆ ಏನಂತೆ, ಮೆತ್ತಗಿನ ಹಾಸಿಗೆ ಮೇಲೇ ಸಾಯ್ತೀವಲ್ಲ" ಎಂದು ಊಟದ ಹೊತ್ತಿನಲ್ಲಿ ಎಲ್ಲರನ್ನೂ ನಗಿಸಿದ್ದ. ಮರುದಿನವೇ ಯಜಮಾನ ಅವನನ್ನು ಹತ್ತಿ ಕೊಡವುವ ದೂಳಿನ ಕೋಣೆಗೆ ದಬ್ಬಿ, ಮೀಸೆ ತಿರುವುತ್ತ ಬಂದು ಕುರ್ಚಿಯಲ್ಲಿ ಕೂತ.

ವಕೀಲಿ ಮಾಡುತ್ತಿದ್ದ ತಂಗಿಗೆ ಫೋನಿನಲ್ಲಿ ಈ ಪ್ರತಾಪ ಹೇಳಿಕೊಂಡರೆ ಆಕೆ ಹೊಗಳಲಿಲ್ಲ.

"ಮೊದಲು ಅವನನ್ನ ವಾಪಸ್ ಕರಿ. ದೂರು ಕೊಟ್ಟೋರನ್ನ ಕಾಯೋಕೆ ಕಾನೂನಿದೆ. ಕೆಲಸದಿಂದ ತೆಗೆಯೋದಷ್ಟೇ ಅಲ್ಲ, ಜಾಗ ಬದಲಾಯಿಸಿ ಗೋಳು ಹುಯ್ಕೊಂಡ್ರೂ ಅದು ಸೇಡೇ."

"ದೂರು ಕೊಟ್ಟಿದ್ದು ಅವನಲ್ಲದಿದ್ರೆ?"

"ಅವನೇ ಅಂದ್ಕೊಂಡು ತಾನೇ ನೀನು ದಬ್ಬಿದ್ದು? ಸಿಕ್ಕಿಹಾಕ್ಕೊಳ್ಳೋಕೆ ಅಷ್ಟು ಸಾಕು. ಹುಡುಕೋ ಚಟ ಬಿಡು, ಅಣ್ಣ."

ಯಜಮಾನ ಹಲ್ಲು ಕಚ್ಚಿಕೊಂಡೇ ಹಲ್ಲು ಕಿರಿದು, ಅವನನ್ನು ಹಳೆಯ ಜಾಗಕ್ಕೆ ಕರೆತಂದ. ಆ ಅತಿವಿನಯವೇ ಗುಟ್ಟು ರಟ್ಟು ಮಾಡಿತು. ದೂರು ಕೊಟ್ಟವರ ಕೂದಲೂ ಕೊಂಕುವಂತಿಲ್ಲ ಎಂಬ ಸುದ್ದಿ ಚಹಾದ ಹೊತ್ತಿಗೆ ಇಡೀ ಕಾರ್ಖಾನೆ ಸುತ್ತಿತು. ಮರುದಿನ ಕತ್ತರಿಸುವವನು ತಡವಾಗಿ ಬಂದು, "ಹಿಂಬಾಗಿಲಿಂದ ಗಾಳಿ ಚೆನ್ನಾಗಿ ಬರ್ತಿದೆ ಸಾರ್, ಯಾರೋ ಪುಣ್ಯಾತ್ಮರು" ಎಂದು ಕಣ್ಣು ಮಿಟುಕಿಸಿದ. ಪ್ಯಾಕಿಂಗ್ ಹೆಂಗಸು ತೂಕಡಿಸಿ ಸಿಕ್ಕಿಬಿದ್ದಾಗ ಹಿಂಬಾಗಿಲ ಕಡೆ ನೋಡಿ ಅರ್ಥಗರ್ಭಿತವಾಗಿ ನಿಟ್ಟುಸಿರಿಟ್ಟಳು. ಆ ಬಾಗಿಲನ್ನು ಜನ್ಮದಲ್ಲಿ ಕಾಣದ ಲಾರಿ ಡ್ರೈವರ್ ಕೂಡ, "ಫೋನಲ್ಲಿ ನನ್ನ ದನಿ ಗುರುತೇ ಸಿಗಲ್ಲ ಸಾರ್" ಎಂದ.

"ಎಲ್ಲರೂ ದೂರುದಾರರೇ ಆಗ್ಬಿಟ್ರು ಕಣೇ" ಎಂದು ಯಜಮಾನ ತಂಗಿಯ ಮುಂದೆ ಗೋಳಾಡಿದ.

ಆಕೆ ಬಿದ್ದು ಬಿದ್ದು ನಕ್ಕಳು. "ದೂರು ಕೊಟ್ಟಿದ್ದಕ್ಕೆ ಶಿಕ್ಷೆ ಕೊಡಬಾರದು, ಅಷ್ಟೇ. ತಡವಾಗಿ ಬಂದ್ರೆ ಎಲ್ಲರಿಗೂ ಮೊದಲು ಹೇಗೆ ಬೈತಿದ್ಯೋ ಹಾಗೇ ಬೈ. ಹೆಚ್ಚೂ ಬೇಡ, ಕಮ್ಮೀನೂ ಬೇಡ."

ಯಜಮಾನ ಅಳೆದೂ ಸುರಿದೂ ಕತ್ತರಿಸುವವನಿಗೆ ಬೈಯುತ್ತಿದ್ದಾಗ, ಹೊಲಿಗೆ ವಿಭಾಗ ನೋಡಿಕೊಳ್ಳುತ್ತಿದ್ದ ಯಜಮಾನನ ತಾಯಿ ಯಂತ್ರ ನಿಲ್ಲಿಸಿದಳು.

"ಪಾಪ, ಅವನ ಮೇಲೆ ಗುಮಾನಿ ಬಿಡಪ್ಪ. ಫೋನ್ ಮಾಡಿದ್ದು ನಾನು."

"ನನಗೇ ಹೇಳಬಹುದಿತ್ತಲ್ಲಮ್ಮ."

"ಹೇಳ್ದಾಗೆಲ್ಲ 'ಆಯ್ತಮ್ಮ' ಅಂದೆ. ಆ ಆಫೀಸರು ಒಂದೇ ಸಲಕ್ಕೆ ಬಂದ."

ಯಜಮಾನ ರೇಗಲು ಹೊರಟವನು ಅರ್ಧಕ್ಕೇ ನಿಂತ. ಆಗ ಅವನನ್ನು ತಡೆದದ್ದು ಕಾನೂನಲ್ಲ. ಹೊಲಿಗೆಯ ಸಾಲಿನ ಕಟ್ಟಕಡೆಯ ಕುರ್ಚಿ ಅಮ್ಮನದು. ಮುಂಬಾಗಿಲು ಅಲ್ಲಿಂದ ಬಲು ದೂರ, ಹತ್ತಿರವಿದ್ದದ್ದು ಹಿಂಬಾಗಿಲೊಂದೇ. ದಿನಾ ಕಂಡಿದ್ದನ್ನು ಅವನು ಅಂದು ನೋಡಿದ.

ಎಲ್ಲರನ್ನೂ ಕರೆದು ಹೇಳಿದ: "ಏನೇ ತಪ್ಪು ಕಂಡ್ರೂ ಹೇಳಿ. ಸರಿ ಮಾಡ್ತೀನಿ. ಹೇಳಿದೋರಿಗೆ ಏನೂ ಆಗಲ್ಲ."

ಕತ್ತರಿಸುವವನು ಗಂಟಲು ಸರಿಪಡಿಸಿಕೊಂಡ.

"ಹಾಗಾದ್ರೆ ಶುರು ಮಾಡ್ಲಾ ಸಾರ್? ಮೇಲಿನ ಪಂಖದಿಂದಾನೇ ಹೇಳ್ತಾ ಬರ್ತೀನಿ."

ಯಜಮಾನ ಕುರ್ಚಿ ಎಳೆದುಕೊಂಡು ಕೂತ.